ಸಿಡಿಯೋ ಜೋಡಿ ನಕ್ಷತ್ರದ ಎಕ್ಸ್‌ರೇ ಬೆಳಕು ಅಳೆಯೋದು ಹೇಗೆ, ಹಾಸನದಲ್ಲಿ ಕೂತು ಲ್ಯಾಪ್‌ಟಾಪಲ್ಲಿ

2021ರ ಆಗಸ್ಟ್ 8, ಭೀಮನ ಅಮಾವಾಸ್ಯೆ ದಿನ, ಉರಗಧರ ನಕ್ಷತ್ರಪುಂಜದಲ್ಲಿರೋ ಆರ್‌ಎಸ್ ಒಫಿಯೂಕಿ ಸಿಡೀತು. ಬರಿಗಣ್ಣಿಗೆ ಕಾಣೋಷ್ಟು ಬೆಳಕಾಯ್ತು, ಅಮಾವಾಸ್ಯೆ ಬೇರೆ, ಚಂದ್ರನ ಕಾಟಾನೂ ಇಲ್ಲ. ಆದ್ರೆ ನಮ್ಮ ಕಡೆ ಆಗಸ್ಟ್ ಅಂದ್ರೆ ಗೊತ್ತಲ್ಲ, ಹಾಸನದಲ್ಲಿ ಮೋಡ, ಸಕಲೇಶಪುರ ದಾಟಿದ್ರೆ ಬಿಡದೆ ಮಳೆ. ಒಂದು ವಾರ ಮಹಡಿ ಮೇಲೆ ಹೋಗಿ ಹೋಗಿ ಬಂದೆ, ಏನೂ ಕಾಣ್ಲಿಲ್ಲ. ಅದೇ ವಾರ ಲ್ಯಾಪ್‌ಟಾಪಲ್ಲಿ ಆ ನಕ್ಷತ್ರದ ಎಕ್ಸ್‌ರೇ ದಿನದಿಂದ ದಿನಕ್ಕೆ ಹೆಂಗೆ ಬದಲಾಗ್ತಿದೆ ಅಂತ ನೋಡ್ತಾ ಇದ್ವಿ, ನಾನೂ ನನ್ನ ಬಿಎಸ್ಸಿ ಹುಡುಗ್ರೂ. ಆಕಾಶ ಶುಭ್ರವಾಗಿದ್ರೂ ಎಕ್ಸ್‌ರೇ ನೆಲಕ್ಕೆ ಬರಲ್ಲ, ವಾತಾವರಣ ಮೇಲೇ ಹೀರ್ಕೊಂಡ್‌ಬಿಡತ್ತೆ, ಹಂಗಾಗಿ ಎಲ್ಲಾರೂ ಉಪಗ್ರಹದ ಡೇಟಾನೇ ನಂಬ್ಕೋಬೇಕು, ಆ ಡೇಟಾ ಪುಕ್ಕಟೆ ಸಿಗತ್ತೆ. ದೊಡ್ಡ ಸಂಸ್ಥೆಯಲ್ಲಿ ಇರೋರಿಗೂ ನಮಗೂ ಈ ವಿಷಯದಲ್ಲಿ ಫರಕಿಲ್ಲ.

ಅದಕ್ಕೇ ಇದನ್ನ ಬರೀತಿದೀನಿ. ಇಂಗ್ಲಿಷಲ್ಲಿ ಸಾಫ್ಟ್‌ವೇರ್ ಮ್ಯಾನ್ಯುಯಲ್‌ಗಳು ಬೇಕಾದಷ್ಟಿವೆ, ಆದ್ರೆ ಯಾವ ಹೆಜ್ಜೆ ಯಾಕೆ, ಎಲ್ಲಿ ಮೋಸ ಹೋಗ್ತೀವಿ ಅನ್ನೋದು ಕನ್ನಡದಲ್ಲಿ ಒಂದೇ ಕಡೆ ಸಿಕ್ಕಿದ್ರೆ ನಮ್ಮ ಹುಡುಗ್ರಿಗೆ ಒಂದು ಸೆಮಿಸ್ಟರ್ ಉಳಿಯತ್ತೆ.

ಮೊದಲು ಏನು ಸಿಡಿಯತ್ತೆ ಅಂತ ಚಿಕ್ಕದಾಗಿ ಹೇಳ್ತೀನಿ. ಎರಡು ನಕ್ಷತ್ರ ಜೋಡಿ ಸುತ್ತುತಿರ್ತವೆ, ಒಂದು ಶ್ವೇತ ಕುಬ್ಜ, ಅಂದ್ರೆ ಭೂಮಿ ಗಾತ್ರದಲ್ಲಿ ಹೆಚ್ಚುಕಮ್ಮಿ ಸೂರ್ಯನಷ್ಟು ದ್ರವ್ಯ ತುಂಬಿರೋ ಗಟ್ಟಿ ಉಂಡೆ. ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಇದರ ಮೇಲೆ ಬೀಳ್ತಾ ಬೀಳ್ತಾ ಒಂದು ದಿನ ಒತ್ತಡ ತಡೀದೆ ಆ ಪದರಕ್ಕೆ ಪರಮಾಣು ಬೆಂಕಿ ಹತ್ತತ್ತೆ, ಅದು ನೋವಾ. ಆರ್‌ಎಸ್ ಒಫಿಯೂಕಿ 1898, 1933, 1958, 1967, 1985, 2006, 2021 ಹೀಗೆ ಮತ್ತೆ ಮತ್ತೆ ಸಿಡಿದಿದೆ. ಉತ್ತರ ಕಿರೀಟದ ಟಿ ಕೊರೊನೇ ಬೊರಿಯಾಲಿಸ್ 1866 ಮತ್ತು 1946ರಲ್ಲಿ. ಇನ್ನೊಂದು ಜಾತಿ ಕುಬ್ಜ ನೋವಾ, ಅಲ್ಲಿ ಬೆಂಕಿ ಹತ್ತಲ್ಲ, ಶ್ವೇತ ಕುಬ್ಜದ ಸುತ್ತ ಸುತ್ತುತಿರೋ ಅನಿಲದ ತಟ್ಟೆನೇ ಆಗಾಗ ಕುಸಿದು ಒಳಗೆ ಸುರಿಯತ್ತೆ. ರಾಜಹಂಸದಲ್ಲಿರೋ ಎಸ್‌ಎಸ್ ಸಿಗ್ನಿ ಅಂಥದ್ದು, ಎರಡು ತಿಂಗಳೊಳಗೆ ಒಂದ್ಸಲ ಏಳತ್ತೆ. ಕಲಿಯೋಕೆ ಈ ಎರಡೂ ಒಳ್ಳೇವು, ಒಂದರಲ್ಲಿ ಕಥೆ ದೊಡ್ಡದು, ಇನ್ನೊಂದರಲ್ಲಿ ಪದೇ ಪದೇ ಅವಕಾಶ ಸಿಗತ್ತೆ.

ಹಾಸನದೋರು ಅಂದ್ಮೇಲೆ ಒಂದು ಮಾತು ಹೇಳ್ಲೇಬೇಕು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಆ ದೊಡ್ಡ ಡಿಶ್‌ಗಳನ್ನ ನೋಡ್ಕೊಂಡೇ ಬೆಳೆದೋರು ನಾವು, ಅದಕ್ಕೆ ಕ್ಲಾಸಲ್ಲಿ ಯಾವ ಉಪಗ್ರಹದ ಹೆಸರು ಹೇಳಿದ್ರೂ ‘ಸರ್, ಅದು ನಮ್ಮ ಎಂಸಿಎಫ್‌ದಾ?’ ಅಂತ ಒಬ್ರಾದ್ರೂ ಕೇಳ್ತಾರೆ. ಎಂಸಿಎಫ್ ನೋಡ್ಕೊಳ್ಳೋದು ಇನ್‌ಸ್ಯಾಟ್, ಜಿಸ್ಯಾಟ್ ಥರದ, ಭೂಮಿಯ ಒಂದೇ ಜಾಗದ ಮೇಲೆ ನಿಂತ ಹಾಗೆ ಕಾಣೋ ಉಪಗ್ರಹಗಳನ್ನ. ಎಕ್ಸ್‌ರೇ ನೋಡೋ ನಮ್ಮ ಆಸ್ಟ್ರೋಸ್ಯಾಟ್ ಬೇರೆ ಕಕ್ಷೆ, ಅದನ್ನ ನಡೆಸೋದು ಬೆಂಗಳೂರಲ್ಲಿರೋ ಇಸ್ರೋದ ಇಸ್ಟ್ರಾಕ್ ಕೇಂದ್ರ, ಡೇಟಾ ಇರೋದು ಬ್ಯಾಲಾಳಿನ ಕೇಂದ್ರದಲ್ಲಿ. 2015ರ ಸೆಪ್ಟೆಂಬರ್ 28ಕ್ಕೆ ಅದನ್ನ ಹಾರಿಸಿದ್ರು. ಆದ್ರೆ ಕಲಿಯೋಕೆ ನಾನು ಮೊದಲು ಹೇಳೋದು ನಾಸಾದ ಸ್ವಿಫ್ಟ್, 2004ರ ನವೆಂಬರ್‌ನಲ್ಲಿ ಹೋಗಿದ್ದು. ಕಾರಣ, ಏನಾದ್ರೂ ಸಿಡಿದ್ರೆ ಬೇಗ ತಿರುಗಿ ನೋಡತ್ತೆ, ಒಂದೇ ನಕ್ಷತ್ರವನ್ನ ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡತ್ತೆ, ಡೇಟಾ ಕೆಲವೇ ಗಂಟೆಯಲ್ಲಿ ಎಲ್ಲರಿಗೂ ತೆರೆದಿರತ್ತೆ.

ಈಗ ಅಳತೆ. ಸಕಲೇಶಪುರದ ಹತ್ರ ನಮ್ಮ ದೊಡ್ಡಪ್ಪನ ತೋಟದಲ್ಲಿ ಒಂದು ಮಳೆಮಾಪಕ ಇದೆ, ಬೆಳಿಗ್ಗೆ 8 ಗಂಟೆಗೆ ಅದರ ನೀರು ಅಳೆದು ಡೈರಿಯಲ್ಲಿ ‘2 ಇಂಚು 40 ಸೆಂಟ್ಸ್’ ಅಂತ ಬರೀತಾರೆ, ಒಂದು ದಿನಾನೂ ತಪ್ಪಿಸಿಲ್ಲ. ಎಕ್ಸ್‌ರೇ ದೂರದರ್ಶಕದ ಕೆಲಸಾನೂ ಅದೇ ಅಂದ್ಕೊಳ್ಳಿ. ಒಂದು ಗೊತ್ತಿರೋ ಗಾತ್ರದ ಬಾಯಿ, ಅದರೊಳಗೆ ಒಂದು ಗೊತ್ತಿರೋ ಹೊತ್ತಲ್ಲಿ ಎಷ್ಟು ಹನಿ ಬಿತ್ತು ಅನ್ನೋ ಲೆಕ್ಕ. ಎಕ್ಸ್‌ರೇ ಫೋಟಾನ್‌ಗಳು, ಅಂದ್ರೆ ಬೆಳಕಿನ ಕಣಗಳು, ಎಷ್ಟು ಕಮ್ಮಿ ಬರ್ತವೆ ಅಂದ್ರೆ ಒಂದೊಂದೇ ಎಣಿಸ್ಬಹುದು, ಅದಕ್ಕೆ ನಿಮಗೆ ಸಿಗೋದು ಫೋಟೋ ಅಲ್ಲ, ಒಂದು ಪಟ್ಟಿ. ಈವೆಂಟ್ ಫೈಲ್ ಅಂತಾರೆ, ಫಿಟ್ಸ್ ರೂಪದಲ್ಲಿರತ್ತೆ, ಒಂದೊಂದು ಸಾಲಲ್ಲೂ ಒಂದು ಫೋಟಾನ್: ಯಾವ ಹೊತ್ತಿಗೆ ಬಂತು, ಸಿಸಿಡಿ (ಬೆಳಕು ಹಿಡಿಯೋ ಚಿಪ್) ಮೇಲೆ ಎಲ್ಲಿ ಬಿತ್ತು, ಶಕ್ತಿ ಎಷ್ಟು. ಸ್ವಿಫ್ಟ್‌ನ ಎಕ್ಸ್‌ರೇ ದೂರದರ್ಶಕ ಎಕ್ಸ್‌ಆರ್‌ಟಿಯಲ್ಲಿ ಶಕ್ತಿಯ ಒಂದು ಚಾನೆಲ್ ಅಂದ್ರೆ 10 ಎಲೆಕ್ಟ್ರಾನ್ ವೋಲ್ಟ್, ಹಂಗಾಗಿ 30ನೇ ಚಾನೆಲ್‌ನಿಂದ 1000ದವರೆಗೆ ಅಂದ್ರೆ 0.3ರಿಂದ 10 ಕಿಲೋ ಎಲೆಕ್ಟ್ರಾನ್ ವೋಲ್ಟ್. ಇದಕ್ಕೆ ಮುಂದೆ ಕೆಇವಿ ಅಂತೀನಿ.

ಬೇಕಾಗಿರೋದು ಒಂದು ಲಿನಕ್ಸ್ ಲ್ಯಾಪ್‌ಟಾಪ್ (ವಿಂಡೋಸ್ ಆದ್ರೆ ಒಳಗೆ ಲಿನಕ್ಸ್ ಹಾಕ್ಕೊಳ್ಳಿ), ನಾಸಾದ ಹೀಸಾಫ್ಟ್ ಪ್ಯಾಕೇಜ್, ಅದರ ಜೊತೆ ಕ್ಯಾಲಿಬ್ರೇಶನ್ ಫೈಲ್‌ಗಳು, ಚಿತ್ರ ನೋಡೋಕೆ ಡಿಎಸ್9. ಹೀಸಾಫ್ಟ್ ಹಾಕೋಕೆ ಒಂದು ಭಾನುವಾರ ಪೂರ್ತಿ ಹೋಗತ್ತೆ, ಬೇಜಾರಾಗ್ಬೇಡಿ. ನಾಸಾದ ಡೇಟಾ ಸಂಗ್ರಹ ಹೀಸಾರ್ಕ್ ಆರ್ಕೈವಲ್ಲಿ ನಕ್ಷತ್ರದ ಹೆಸರು ಹೊಡೆದು ಸ್ವಿಫ್ಟ್ ಆಯ್ಕೆ ಮಾಡಿದ್ರೆ ಎಲ್ಲಾ ಅಬ್ಸರ್ವೇಶನ್‌ಗಳ ಪಟ್ಟಿ ಬರತ್ತೆ, ಒಂದೊಂದು ಸಾಮಾನ್ಯವಾಗಿ ಒಂದೆರಡು ಸಾವಿರ ಸೆಕೆಂಡಿನದು. ಎಕ್ಸ್‌ಆರ್‌ಟಿ ಫೋಲ್ಡರ್ ಮತ್ತು ಆಕ್ಸಿಲ್ ಫೋಲ್ಡರ್ ಎರಡೂ ಇಳಿಸ್ಕೊಳ್ಳಿ. ಆಮೇಲೆ ಎಕ್ಸ್‌ಆರ್‌ಟಿಪೈಪ್‌ಲೈನ್ ಅನ್ನೋ ಕಮಾಂಡ್ ಓಡಿಸಿದ್ರೆ ಕೆಟ್ಟ ಪಿಕ್ಸೆಲ್, ಕೆಟ್ಟ ಹೊತ್ತು ಎಲ್ಲಾ ತೆಗೆದು ಕ್ಲೀನ್ ಫೈಲ್ ಕೊಡತ್ತೆ. ಅದನ್ನ ಓಡಿಸುವಾಗ ಎಕ್ಸ್‌ಪೋಶರ್ ಮ್ಯಾಪ್ (ಸಿಸಿಡಿಯ ಯಾವ ಜಾಗ ಎಷ್ಟು ಹೊತ್ತು ಕೆಲಸ ಮಾಡ್ತು ಅನ್ನೋ ನಕ್ಷೆ) ಮಾಡು ಅಂತ ಹೇಳೋದು ಮರೀಬೇಡಿ, ಯಾಕೆ ಅಂತ ಈಗ್ಲೇ ಗೊತ್ತಾಗತ್ತೆ.

ಏನೇ ಲೆಕ್ಕ ಮಾಡೋ ಮೊದಲು ಚಿತ್ರ ತೆಗೆದು ಕಣ್ಣಲ್ಲಿ ನೋಡಿ. ನಮ್ಮಲ್ಲಿ ಒಬ್ಬ ಹುಡುಗಿ ಎಸ್‌ಎಸ್ ಸಿಗ್ನಿ ಲೆಕ್ಕ ಮಾಡ್ತಿದ್ಲು, ಎಲ್ಲಾ ದಿನ ಒಂದೇ ಥರ ಬರ್ತಿದ್ದ ಎಣಿಕೆ ಒಂದಿನ ಇದ್ದಕ್ಕಿದ್ದಂಗೆ ಹತ್ತಿರ ಹತ್ತಿರ ಅರ್ಧ ಆಯ್ತು. ‘ಸರ್, ಗ್ರಹಣ ಆಗಿರ್ಬೇಕು’ ಅಂತ ಓಡಿ ಬಂದ್ಲು. ನಾನೂ ಖುಷಿಯಾದೆ, ನಾನೂ ಚಿತ್ರ ತೆಗೆದು ನೋಡ್ಲಿಲ್ಲ, ಮಧ್ಯಾಹ್ನ ಪೂರ್ತಿ ಗ್ರಹಣದ ಲೆಕ್ಕ ಹಾಕಿದ್ವಿ. ಸಂಜೆ ಡಿಎಸ್9ನಲ್ಲಿ ತೆಗೆದ್ರೆ ನಕ್ಷತ್ರದ ಉಂಡೆ ನಡುವೆ ಸರಿಯಾಗಿ ಒಂದು ಕಪ್ಪು ಗೆರೆ, ಬೈತಲೆ ತೆಗೆದ ಹಾಗೆ. 2005ರ ಮೇ 27ಕ್ಕೆ ಒಂದು ಸೂಕ್ಷ್ಮ ಉಲ್ಕೆ ಕಣ ಸ್ವಿಫ್ಟ್‌ನ ಸಿಸಿಡಿಗೆ ಹೊಡೆದು ಕೆಲವು ಕಾಲಂಗಳು ಹೋಗಿವೆ, ಅವತ್ತು ನಕ್ಷತ್ರ ಸರಿಯಾಗಿ ಆ ಸತ್ತ ಕಾಲಂ ಮೇಲೆ ಕೂತಿತ್ತು. ನಕ್ಷತ್ರಕ್ಕೆ ಏನೂ ಆಗಿರ್ಲಿಲ್ಲ. ಎಕ್ಸ್‌ಪೋಶರ್ ಮ್ಯಾಪ್ ಕೊಟ್ಟು ತಿದ್ದಿದ್ಮೇಲೆ ಎಣಿಕೆ ಮಾಮೂಲಿಗೆ ಬಂತು. ಅವತ್ತಿಂದ ನಮ್ಮ ಲ್ಯಾಬಲ್ಲಿ ಚಿತ್ರ ಪ್ರಿಂಟ್ ಮಾಡಿ ನೋಟ್‌ಬುಕ್‌ಗೆ ಅಂಟಿಸದೆ ಯಾರೂ ಸಂಖ್ಯೆ ಬರೆಯಂಗಿಲ್ಲ.

ಚಿತ್ರ ಸರಿ ಇದ್ರೆ ನಕ್ಷತ್ರದ ಸುತ್ತ 20 ಪಿಕ್ಸೆಲ್ ತ್ರಿಜ್ಯದ ಒಂದು ವೃತ್ತ ಹಾಕಿ, ಅಂದ್ರೆ ಆಕಾಶದಲ್ಲಿ 47 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನ 3600 ಭಾಗ ಮಾಡಿದ್ರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಕನ್ನಡಿಗಳು ಬೆಳಕನ್ನ ಒಂದೇ ಚುಕ್ಕಿಗೆ ಸೇರಿಸಲ್ಲ, ಹರಡ್ತವೆ, ಈ ವೃತ್ತದೊಳಗೆ ನೂರಕ್ಕೆ ಸುಮಾರು 90 ಭಾಗ ಸಿಗತ್ತೆ. ದೂರದಲ್ಲಿ ಬೇರೆ ಯಾವ ಚುಕ್ಕಿನೂ ಇಲ್ಲದ ಜಾಗದಲ್ಲಿ 60 ಪಿಕ್ಸೆಲ್ ತ್ರಿಜ್ಯದ ಇನ್ನೊಂದು ವೃತ್ತ, ಇದು ಹಿನ್ನೆಲೆ. ಮಳೆ ನಿಂತ್ರೂ ಮರದ ಹನಿ ನಿಲ್ಲಲ್ಲ ಅಂತಾರಲ್ಲ, ಮಾಪಕದಲ್ಲಿ ಬಿದ್ದಿದ್ದೆಲ್ಲಾ ಮಳೆ ಅಲ್ಲ, ಮೇಲಿನ ಸಿಲ್ವರ್ ಓಕ್ ಮರದ್ದೂ ಸೇರಿರತ್ತೆ, ಅದನ್ನ ಕಳೀಬೇಕು.

ಒಂದು ಅಭ್ಯಾಸದ ಲೆಕ್ಕ ಮಾಡೋಣ. ನಕ್ಷತ್ರದ ವೃತ್ತದಲ್ಲಿ 144 ಫೋಟಾನ್, ಹಿನ್ನೆಲೆ ವೃತ್ತದಲ್ಲಿ 90, ಎಕ್ಸ್‌ಪೋಶರ್ 2000 ಸೆಕೆಂಡ್. ಹಿನ್ನೆಲೆ ವೃತ್ತದ ತ್ರಿಜ್ಯ ಮೂರು ಪಟ್ಟು ಅಂದ್ರೆ ವಿಸ್ತೀರ್ಣ 9 ಪಟ್ಟು, ಹಂಗಾಗಿ ನಮ್ಮ ವೃತ್ತದೊಳಗೆ ಹಿನ್ನೆಲೆಯದು 10. ಉಳಿದಿದ್ದು 134. ತಪ್ಪಿನ ಅಂದಾಜು ಎಷ್ಟು ಅಂದ್ರೆ ಎಣಿಕೆಯ ವರ್ಗಮೂಲ: 144ಕ್ಕೆ 90/81 ಸೇರಿಸಿ ವರ್ಗಮೂಲ ತೆಗೆದ್ರೆ ಸುಮಾರು 12. ಎರಡನ್ನೂ 2000ದಿಂದ ಭಾಗಿಸಿದ್ರೆ ಸೆಕೆಂಡಿಗೆ 0.067, ತಪ್ಪಿನ ಅಂದಾಜು ಆಚೀಚೆ 0.006. ವೃತ್ತದ ಹೊರಗೆ ಹೋದ 10 ಭಾಗಾನೂ ಸೇರಿಸೋಕೆ 0.9ರಿಂದ ಭಾಗಿಸಿ: 0.074, ತಪ್ಪಿನ ಅಂದಾಜು ಆಚೀಚೆ 0.007. ಇದು ಕೌಂಟ್ ರೇಟ್. ಹುಡುಗ್ರು ಇಲ್ಲೇ ನಿಂತು ‘ಬ್ರೈಟ್‌ನೆಸ್ ಸಿಕ್ತು’ ಅಂತಾರೆ. ಇಲ್ಲ, ಇದು ಸ್ವಿಫ್ಟ್‌ಗೆ ಎಷ್ಟು ಹನಿ ಬಿತ್ತು ಅನ್ನೋದು ಮಾತ್ರ, ಬೇರೆ ದೂರದರ್ಶಕದ ಬಾಯಿ ಬೇರೆ ಗಾತ್ರ, ಅದರಲ್ಲಿ ಬೇರೆ ಸಂಖ್ಯೆ ಬರತ್ತೆ.

ಬೆಳಕು ಜಾಸ್ತಿ ಆದಾಗ ಇನ್ನೊಂದು ತೊಂದರೆ, ಪೈಲ್‌ಅಪ್. ಫೋಟಾನ್ ಕೌಂಟಿಂಗ್ ಮೋಡಲ್ಲಿ ಸಿಸಿಡಿ ಎರಡೂವರೆ ಸೆಕೆಂಡಿಗೆ ಒಂದ್ಸಲ ಓದತ್ತೆ, ಅಷ್ಟರೊಳಗೆ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ರೆ ಅದು ಒಂದೇ ಅಂತ ಲೆಕ್ಕ ಹಾಕತ್ತೆ, ಶಕ್ತಿಯನ್ನ ಕೂಡಿಸಿಬಿಡತ್ತೆ, ಅಂದ್ರೆ ಎಣಿಕೆ ಕಮ್ಮಿ, ಶಕ್ತಿ ಜಾಸ್ತಿ, ಎರಡೂ ಸುಳ್ಳು. ಸೆಕೆಂಡಿಗೆ 0.5 ದಾಟಿದ್ರೆ ಇದನ್ನ ನೋಡ್ಲೇಬೇಕು. ಮದ್ದು ಏನು ಅಂದ್ರೆ ವೃತ್ತದ ಬದಲು ಬಳೆ ಹಾಕೋದು, ನಡುವಿನ ಕೆಟ್ಟ ಭಾಗ ಬಿಟ್ಟು ಸುತ್ತಿನದು ಎಣಿಸಿ, ಬಿಟ್ಟಿದ್ದಕ್ಕೆ ತಕ್ಕ ತಿದ್ದುಪಡಿ ಹಾಕೋದು. ಎಷ್ಟು ಬಿಡ್ಬೇಕು ಅಂತ ತಿಳಿಯೋಕೆ ನಕ್ಷತ್ರದ ಬೆಳಕು ಅಂಚಿಂದ ಒಳಗೆ ಹೆಂಗೆ ಏರತ್ತೆ ಅಂತ ಗ್ರಾಫ್ ಹಾಕಿ, ಅಂಚಿನ ಭಾಗಕ್ಕೆ ಮಾಮೂಲಿ ವಕ್ರರೇಖೆ ಕೂರಿಸಿ, ಒಳಗೆ ಎಲ್ಲಿ ಅಳತೆ ಆ ಗೆರೆಗಿಂತ ಕೆಳಗೆ ಬೀಳತ್ತೋ ಅಲ್ಲಿವರೆಗೆ ಬಿಡಿ. ತುಂಬಾ ಬೆಳಕಿದ್ರೆ ಉಪಗ್ರಹವೇ ವಿಂಡೋಡ್ ಟೈಮಿಂಗ್ ಮೋಡ್‌ಗೆ ಹೋಗತ್ತೆ, 1.8 ಮಿಲಿಸೆಕೆಂಡಿಗೆ ಒಂದು ಓದು, ಆದ್ರೆ ಚಿತ್ರ ಒಂದೇ ಗೆರೆಯಾಗಿ ಸಿಗತ್ತೆ, ಫೈಲೂ ಬೇರೆ. ಎರಡನ್ನೂ ಕಲೆಸ್ಬೇಡಿ.

ನೋವಾಗಳಿಗೆ ಮಾತ್ರ ಇರೋ ಕಾಟ ಒಂದಿದೆ, ಇದನ್ನ ಬಹಳ ಜನ ಮರೀತಾರೆ. ಸಿಡಿದ ಮೊದಲ ದಿನಗಳಲ್ಲಿ ಮಾಮೂಲಿ ಬೆಳಕೇ ಅಷ್ಟು ಜಾಸ್ತಿ ಇರತ್ತೆ ಅಂದ್ರೆ ಆ ಬೆಳಕಿನ ಕಣಗಳು ಸಾಲುಗಟ್ಟಿ ಸಿಸಿಡಿಗೆ ಬಿದ್ದು, ಸೇರ್ಕೊಂಡು ಒಂದು ಮೆದು (ಕಮ್ಮಿ ಶಕ್ತಿಯ) ಎಕ್ಸ್‌ರೇ ಥರ ಕಾಣ್ತವೆ. ಆಪ್ಟಿಕಲ್ ಲೋಡಿಂಗ್ ಅಂತಾರೆ. ಹಂಗಾಗಿ ಬೆಳಕು ಬದಲಾಗೋ ನಕ್ಷತ್ರಗಳನ್ನ ಗಮನಿಸೋ ಅಮೆರಿಕದ ಎಎವಿಎಸ್‌ಒ ಸಂಸ್ಥೆಯ ಲೈಟ್‌ಕರ್ವ್ (ದಿನದಿಂದ ದಿನಕ್ಕೆ ಬೆಳಕಿನ ಗ್ರಾಫ್) ತೆಗೆದು ಅವತ್ತು ಕಣ್ಣಿಗೆ ಎಷ್ಟು ಬೆಳಕಿತ್ತು ಅಂತ ಪಕ್ಕದಲ್ಲೇ ಬರ್ಕೊಳ್ಳಿ. ಒಂದೇ ಪಿಕ್ಸೆಲ್‌ನಲ್ಲಿ ಬಿದ್ದ ಈವೆಂಟ್‌ಗಳನ್ನ, ಅಂದ್ರೆ ಗ್ರೇಡ್ 0 ಮಾತ್ರ, ಇಟ್ಕೊಂಡು ಮತ್ತೆ ಎಣಿಸಿ ನೋಡಿ, ಉತ್ತರ ತುಂಬಾ ಬದಲಾದ್ರೆ ಆ ಸಂಖ್ಯೆನ ನಂಬ್ಬೇಡಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿರೋದು ಇದು. ಚಿಕ್ಕಮಗಳೂರು ಪೇಟೆಯಲ್ಲಿ ನಿಂತು ‘ಒಂದು ಮೂಟೆ ಕಾಫಿ ಎಷ್ಟು’ ಅಂದ್ರೆ ಯಾರೂ ರೇಟ್ ಹೇಳಲ್ಲ. ಅರೇಬಿಕಾನಾ ರೋಬಸ್ಟಾನಾ, ಪಾರ್ಚ್‌ಮೆಂಟಾ ಚೆರ್ರಿನಾ, ಔಟ್‌ಟರ್ನ್ ಎಷ್ಟು, ತೇವ ಎಷ್ಟು, ಇಷ್ಟು ಕೇಳ್ದೆ ಮಾತೇ ಶುರು ಆಗಲ್ಲ. ಎಕ್ಸ್‌ರೇ ಬೆಳಕೂ ಹಂಗೇ. ಯಾವ ಶಕ್ತಿಯಿಂದ ಯಾವ ಶಕ್ತಿವರೆಗೆ ಅಳೆದದ್ದು, ದಾರಿಯಲ್ಲಿ ಹೀರ್ಕೊಂಡದ್ದನ್ನ ಸೇರಿಸಿದ್ದೋ ಬಿಟ್ಟಿದ್ದೋ, ಯಾವ ಮಾದರಿ ಇಟ್ಕೊಂಡು ಲೆಕ್ಕ ಹಾಕಿದ್ದು, ಈ ಮೂರು ಹೇಳದೆ ಕೊಟ್ಟ ಸಂಖ್ಯೆ ಎಷ್ಟು ಅಂಕಿ ಉದ್ದ ಇದ್ರೂ ಕೆಲಸಕ್ಕೆ ಬರಲ್ಲ. ಪತ್ರಿಕೆಗಳಲ್ಲಿ ಬರೋ ಸಂಖ್ಯೆಗಳನ್ನೂ ನೀವು ಹಿಂಗೇ ಕೇಳ್ಬೇಕು.

ಹೀರೋದು ಎಷ್ಟು ದೊಡ್ಡ ವಿಷಯ ಅಂತ ನೋಡಿ. ನಮಗೂ ನಕ್ಷತ್ರಕ್ಕೂ ನಡುವೆ ಒಂದು ಚದರ ಸೆಂಟಿಮೀಟರ್ ಕೊಳವೆ ಇಟ್ಟು ಅದರೊಳಗಿನ ಹೈಡ್ರೋಜನ್ ಪರಮಾಣು ಎಣಿಸಿದ್ರೆ ಬರೋ ಸಂಖ್ಯೆಗೆ ಕಾಲಂ ಡೆನ್ಸಿಟಿ ಅಂತಾರೆ. ಅದು 3×10²¹ ಇದ್ರೆ 0.5 ಕೆಇವಿ ಫೋಟಾನ್‌ಗಳಲ್ಲಿ ನೂರಕ್ಕೆ ಸುಮಾರು 11 ನಮ್ಮವರೆಗೆ ಬರ್ತವೆ. 5×10²¹ ಆದ್ರೆ ಎರಡೂವರೆ ಅಷ್ಟೇ. 2 ಕೆಇವಿಯಲ್ಲಿ ಅದೇ 5×10²¹ ದಾಟಿ ನೂರಕ್ಕೆ 80 ಬರ್ತವೆ. ಅಂದ್ರೆ ಗಟ್ಟಿ ಎಕ್ಸ್‌ರೇಗೆ ಇದು ತೆಳು ಪರದೆ, ಮೆದು ಎಕ್ಸ್‌ರೇಗೆ ಕಂಬಳಿ. ನೋವಾದ ಮುಖ್ಯ ಕಥೆ ಇರೋದು ಮೆದು ಎಕ್ಸ್‌ರೇಯಲ್ಲೇ, ಹಂಗಾಗಿ ಕಾಲಂ ಡೆನ್ಸಿಟಿ ಸ್ವಲ್ಪ ಆಚೀಚೆ ಆದ್ರೂ ‘ಹೀರದೆ ಇದ್ದಿದ್ರೆ ಇಷ್ಟು’ ಅನ್ನೋ ಸಂಖ್ಯೆ ನಾಲ್ಕೈದು ಪಟ್ಟು ಕುಣಿಯತ್ತೆ. ಆರ್‌ಎಸ್ ಒಫಿಯೂಕಿಯಲ್ಲಿ ಇನ್ನೂ ಒಂದು ಸೇರತ್ತೆ, ಜೋಡಿಯ ಕೆಂಪು ದೈತ್ಯ ತಾನೇ ಗಾಳಿ ಬೀಸ್ತಿರತ್ತೆ, ಆ ಗಾಳಿಯೂ ಹೀರತ್ತೆ, ಸ್ಫೋಟದ ಅಲೆ ಅದನ್ನ ಸೀಳ್ಕೊಂಡು ಹೋದ ಹಾಗೆ ದಿನೇ ದಿನೇ ಕಮ್ಮಿ ಆಗತ್ತೆ. ಒಂದೇ ಕಾಲಂ ಡೆನ್ಸಿಟಿ ಎಲ್ಲಾ ದಿನಕ್ಕೂ ಹಾಕಿದ್ರೆ ತಪ್ಪು.

ಮಾಡೋ ರೀತಿ ಹಿಂಗೆ. ಹೀಸಾಫ್ಟ್‌ನ ಎಕ್ಸ್‌ಸೆಲೆಕ್ಟ್‌ನಲ್ಲಿ ಎರಡೂ ವೃತ್ತದ ಸ್ಪೆಕ್ಟ್ರಮ್ (ಯಾವ ಶಕ್ತಿಯಲ್ಲಿ ಎಷ್ಟು ಫೋಟಾನ್ ಅನ್ನೋ ಲೆಕ್ಕ) ತೆಗೀರಿ, ಎಕ್ಸ್‌ಆರ್‌ಟಿಎಂಕೆಎಆರ್‌ಎಫ್ ಕಮಾಂಡಿನಿಂದ ದೂರದರ್ಶಕದ ಬಾಯಿ ಗಾತ್ರದ ಫೈಲ್ ಮಾಡಿ, ಕ್ಯಾಲಿಬ್ರೇಶನ್‌ನಲ್ಲಿರೋ ರೆಸ್ಪಾನ್ಸ್ ಫೈಲ್ ಜೊತೆ ಮಾದರಿ ಕೂರಿಸೋ ಎಕ್ಸ್‌ಸ್ಪೆಕ್ ಪ್ರೋಗ್ರಾಂಗೆ ಹಾಕಿ. ಫೋಟಾನ್ ಕಮ್ಮಿ ಇದ್ರೆ ಮಾದರಿ ಎಷ್ಟು ಹೊಂದತ್ತೆ ಅಂತ ನೋಡೋಕೆ ಕೈ-ಸ್ಕ್ವೇರ್ ಬಳಸ್ಬೇಡಿ, ಸಿ-ಸ್ಟ್ಯಾಟಿಸ್ಟಿಕ್ ಬಳಸಿ. ಮಾದರಿ: ಹೀರುವಿಕೆಗೆ ಟಿಬಿಆ್ಯಬ್ಸ್, ಅಲೆಯಲ್ಲಿ ಕಾದ ಅನಿಲಕ್ಕೆ ಅಪೆಕ್, ಶ್ವೇತ ಕುಬ್ಜದ ಮೇಲ್ಮೈ ಕಾಣೋಕೆ ಶುರುವಾದ್ಮೇಲೆ ಒಂದು ಬ್ಲಾಕ್‌ಬಾಡಿ (ಬರೀ ಬಿಸಿಯಿಂದ ಹೊಳೆಯೋ ವಸ್ತುವಿನ ಮಾದರಿ) ಸೇರಿಸಿ. ಆ ಬ್ಲಾಕ್‌ಬಾಡಿ ಕೂತ ಹಾಗೆ ಕಾಣತ್ತೆ ಆದ್ರೆ ಅದರಿಂದ ಬರೋ ಒಟ್ಟು ತೇಜಸ್ಸನ್ನ ನಂಬೋಕಾಗಲ್ಲ, ನಿಜವಾದ ಶ್ವೇತ ಕುಬ್ಜಕ್ಕೆ ವಾತಾವರಣ ಇದೆ. ಕೊನೆಗೆ ಸಿಫ್ಲಕ್ಸ್ ಹಾಕಿ 0.3ರಿಂದ 10 ಕೆಇವಿಗೆ ಫ್ಲಕ್ಸ್ (ಪ್ರತಿ ಚದರ ಸೆಂಟಿಮೀಟರಿಗೆ ಪ್ರತಿ ಸೆಕೆಂಡಿಗೆ ಬೀಳೋ ಶಕ್ತಿ) ತೆಗೀರಿ, ಟಿಬಿಆ್ಯಬ್ಸ್‌ನ ಹೊರಗೆ ಇಟ್ರೆ ನಮಗೆ ತಲುಪಿದ್ದು, ಒಳಗೆ ಇಟ್ರೆ ಹೀರೋ ಮೊದಲಿನದ್ದು. ಎರಡೂ ಬರೀರಿ.

ಸ್ಪೆಕ್ಟ್ರಮ್ ಮಾಡೋಷ್ಟು ಫೋಟಾನ್ ಇಲ್ಲ ಅಂದ್ರೆ ಪಿಮ್ಸ್ ಅನ್ನೋ ಟೂಲ್ ಇದೆ, ಕೌಂಟ್ ರೇಟ್ ಮತ್ತು ಮಾದರಿ ಕೊಟ್ರೆ ಫ್ಲಕ್ಸ್ ಕೊಡತ್ತೆ. ಮಾಮೂಲಿ ಗಟ್ಟಿ ಸ್ಪೆಕ್ಟ್ರಮ್‌ಗೆ ಸ್ವಿಫ್ಟ್‌ನಲ್ಲಿ ಸೆಕೆಂಡಿಗೆ ಒಂದು ಎಣಿಕೆ ಅಂದ್ರೆ ಸುಮಾರು 4×10⁻¹¹ ಅರ್ಗ್ (ಶಕ್ತಿಯ ಒಂದು ಅಳತೆ), ಪ್ರತಿ ಚದರ ಸೆಂಟಿಮೀಟರಿಗೆ ಪ್ರತಿ ಸೆಕೆಂಡಿಗೆ. ನಮ್ಮ 0.074ಕ್ಕೆ 3×10⁻¹² ಬರತ್ತೆ. ಮೆದು ಸ್ಪೆಕ್ಟ್ರಮ್‌ಗೆ ಈ ಗುಣಕ ಹಾಕ್ಲೇಬೇಡಿ.

ನಕ್ಷತ್ರ ನಿಜಕ್ಕೂ ಎಷ್ಟು ಬೆಳಗ್ತಿದೆ ಅಂದ್ರೆ ಫ್ಲಕ್ಸನ್ನ 4π ಗುಣಿಸು ದೂರದ ವರ್ಗದಿಂದ ಗುಣಿಸ್ಬೇಕು. ಆರ್‌ಎಸ್ ಒಫಿಯೂಕಿಗೆ ಮುಂಚೆ 1.6 ಕಿಲೋಪಾರ್ಸೆಕ್ (ನಕ್ಷತ್ರಗಳ ದೂರ ಹೇಳೋ ಅಳತೆ) ಅಂತ ಹಾಕ್ತಿದ್ರು, ಗಾಯಾ ಉಪಗ್ರಹದ ಅಳತೆ ಬಂದ್ಮೇಲಿನ ಲೆಕ್ಕಗಳಲ್ಲಿ 2.7ರ ಆಸುಪಾಸು ಬಳಸ್ತಾರೆ. ನಮ್ಮ ಅದೇ ಅಭ್ಯಾಸದ ಫ್ಲಕ್ಸ್‌ಗೆ ಮೊದಲನೇದರಲ್ಲಿ ಸೆಕೆಂಡಿಗೆ 9×10³² ಅರ್ಗ್, ಎರಡನೇದರಲ್ಲಿ 2.6×10³³. ಹತ್ತಿರ ಹತ್ತಿರ ಮೂರು ಪಟ್ಟು, ನಕ್ಷತ್ರದಲ್ಲಿ ಏನೂ ಬದಲಾಗದೆ. ಸೂರ್ಯನ ಒಟ್ಟು ಬೆಳಕು 3.8×10³³, ಹೋಲಿಕೆಗೆ ಇರ್ಲಿ.

ಆಸ್ಟ್ರೋಸ್ಯಾಟ್‌ನ ಮೆದು ಎಕ್ಸ್‌ರೇ ದೂರದರ್ಶಕ ಎಸ್‌ಎಕ್ಸ್‌ಟಿಯ ಡೇಟಾ ಬಳಸೋರಿಗೆ ಎರಡು ಮಾತು. ಇಸ್ರೋದ ಡೇಟಾ ಪೋರ್ಟಲ್ ಆಸ್ಟ್ರೋಬ್ರೌಸ್‌ನಲ್ಲಿ ರಿಜಿಸ್ಟರ್ ಆಗಿ ಇಳಿಸ್ಕೋಬಹುದು, ಧನು ರಾಶಿಯ ವಿ3890 ಸ್ಯಾಜಿಟ್ಟೇರಿಯೈ 2019ರಲ್ಲಿ ಸಿಡಿದಾಗ ಅದು ನೋಡಿದೆ. ಅದರಲ್ಲಿ ನಕ್ಷತ್ರದ ಬೆಳಕು ಸ್ವಿಫ್ಟ್‌ಗಿಂತ ತುಂಬಾ ಅಗಲಕ್ಕೆ ಹರಡತ್ತೆ, ವೃತ್ತಾನೂ 15 ಆರ್ಕ್‌ಮಿನಿಟ್ ಆಸುಪಾಸು ಹಾಕ್ಬೇಕು, ಹಂಗಾಗಿ ಅದೇ ಚಿತ್ರದಲ್ಲಿ ಹಿನ್ನೆಲೆಗೆ ಖಾಲಿ ಜಾಗ ಸಿಗಲ್ಲ, ಎಸ್‌ಎಕ್ಸ್‌ಟಿ ತಂಡ ಕೊಟ್ಟಿರೋ ಖಾಲಿ ಆಕಾಶದ ಹಿನ್ನೆಲೆ ಫೈಲೇ ಬಳಸಿ. ಕಕ್ಷೆ ಕಕ್ಷೆಯ ಫೈಲ್‌ಗಳಲ್ಲಿ ಒಂದೇ ಹೊತ್ತಿನ ಡೇಟಾ ಎರಡು ಕಡೆ ಇರತ್ತೆ, ಅವರದ್ದೇ ಮರ್ಜರ್ ಟೂಲಿಂದ ಸೇರಿಸಿ, ಇಲ್ಲಾಂದ್ರೆ ಒಂದೇ ಹನಿಯನ್ನ ಎರಡು ಸಲ ಎಣಿಸ್ತೀರಿ.

ಒಂದು ದಿನದ್ದು ಬಂದ್ಮೇಲೆ ಎಲ್ಲಾ ದಿನದ್ದೂ ಮಾಡಿ ಲೈಟ್‌ಕರ್ವ್ ಹಾಕಿ, ಆದ್ರೆ 0.3ರಿಂದ 1 ಕೆಇವಿ ಒಂದು ಗೆರೆ, 1ರಿಂದ 10 ಇನ್ನೊಂದು ಗೆರೆ, ಬೇರೆ ಬೇರೆ. ಎಸ್‌ಎಸ್ ಸಿಗ್ನಿಯಲ್ಲಿ ಕಣ್ಣಿಗೆ ಕಾಣೋ ಬೆಳಕು ಏರಿ ಒಂದು ದಿನದ ಹತ್ರ ಆದ್ಮೇಲೆ ಗಟ್ಟಿ ಎಕ್ಸ್‌ರೇ ಸ್ವಲ್ಪ ಹೊತ್ತು ಏರತ್ತೆ, ಆಮೇಲೆ ಕೆಲವೇ ಗಂಟೆಯಲ್ಲಿ ಕುಸಿಯತ್ತೆ, ಮಾಮೂಲಿ ಬೆಳಕು ಇನ್ನೂ ಮೇಲೇ ಇರುವಾಗ್ಲೇ. ಆರ್‌ಎಸ್ ಒಫಿಯೂಕಿಯಲ್ಲಿ ತದ್ವಿರುದ್ಧ, ಮೊದಲು ಅಲೆಯ ಗಟ್ಟಿ ಎಕ್ಸ್‌ರೇ, ಕಣ್ಣಿಗೆ ಕಾಣೋ ಬೆಳಕು ಇಳಿಮುಖ ಆಗಿ ವಾರಗಟ್ಟಲೆ ಆದ್ಮೇಲೆ, 2006ರಲ್ಲಿ ಸುಮಾರು 26ನೇ ದಿನ, 2021ರಲ್ಲಿ ಸುಮಾರು 21ನೇ ದಿನ, ಮೆದು ಎಕ್ಸ್‌ರೇ ಉಕ್ಕಿ ಬಂತು. ಬೂದಿ ಮುಚ್ಚಿದ ಕೆಂಡದ ಮೇಲಿನ ಬೂದಿ ಹಾರಿ ಕೆಂಡ ಕಂಡ ಹಾಗೆ, ಮೇಲೆ ಚಿಮ್ಮಿದ ಅನಿಲ ತೆಳುವಾಗಿ ಒಳಗೆ ಇನ್ನೂ ಉರೀತಿದ್ದ ಮೇಲ್ಮೈ ಕಾಣಿಸ್ತು. 2021ರಲ್ಲಿ ಆ ಮೆದು ಬೆಳಕು 2006ಕ್ಕಿಂತ ಕಮ್ಮಿ ಇತ್ತು. ಈ ಮಾತನ್ನ ಅಷ್ಟು ಗಟ್ಟಿಯಾಗಿ ಹೇಳೋಕಾಗಿದ್ದು 15 ವರ್ಷದ ಅಂತರದಲ್ಲಿ ಅದೇ ದೂರದರ್ಶಕ, ಅದೇ ಶಕ್ತಿ ವ್ಯಾಪ್ತಿ, ಅದೇ ರೀತಿ ಎಣಿಕೆ ಇದ್ದಿದ್ರಿಂದ. ದೊಡ್ಡಪ್ಪನ ಮಾಪಕಾನೂ ನಾನು ಹುಡುಗ ಆಗಿದ್ದಾಗಿಂದ ಅದೇ ಕಲ್ಲಿನ ಮೇಲಿದೆ.

ಮೊದಲ ಸಲ ಮಾಡೋರು 2006ರ ಆರ್‌ಎಸ್ ಒಫಿಯೂಕಿಯ ಆರಂಭದ ಒಂದು ಅಬ್ಸರ್ವೇಶನ್, 40ನೇ ದಿನದ ಹತ್ತಿರದ್ದು ಒಂದು, ತಣ್ಣಗಾದ್ಮೇಲಿನದ್ದು ಒಂದು ತಗೊಳ್ಳಿ. ಮೂರನ್ನೂ ಕೈಯಾರೆ ಮಾಡಿ ಮುಗಿಸಿದ್ಮೇಲೆ ಮಾತ್ರ ಲೆಸ್ಟರ್ ವಿಶ್ವವಿದ್ಯಾಲಯದ ವೆಬ್ ಟೂಲಿಗೆ ಹೋಗಿ ಅದೇ ನಕ್ಷತ್ರದ ಲೈಟ್‌ಕರ್ವ್ ತೆಗೀರಿ, ಅದು ಪೈಲ್‌ಅಪ್, ಸತ್ತ ಕಾಲಂ ಎಲ್ಲಾ ತಾನೇ ತಿದ್ದಿ ಕೊಡತ್ತೆ. ನಿಮ್ಮದು ನೂರಕ್ಕೆ ಹತ್ತು ಕಮ್ಮಿ ಬಂದ್ರೆ 0.9ರಿಂದ ಭಾಗಿಸೋದು ಬಿಟ್ಟಿದೀರಿ. ಅರ್ಧ ಬಂದ್ರೆ ಚಿತ್ರ ತೆಗೆದು ಕಪ್ಪು ಗೆರೆ ಹುಡುಕಿ. 40ನೇ ದಿನದ್ದು ಮಾತ್ರ ತೀರಾ ಕಮ್ಮಿ ಬಂದು ಉಳಿದೆರಡು ಸರಿ ಇದ್ರೆ ಅದು ಪೈಲ್‌ಅಪ್, ಬಳೆಯ ಒಳ ತ್ರಿಜ್ಯ ಎರಡು ಪಿಕ್ಸೆಲ್ ಹೆಚ್ಚಿಸಿ ಮತ್ತೆ ಎಣಿಸಿ, ಉತ್ತರ ಬದಲಾಗೋದು ನಿಲ್ಲೋವರೆಗೆ ಹೆಚ್ಚಿಸ್ತಾ ಹೋಗಿ.